ಯು0101 ಬಂದ ಮಾತ್ರಕ್ಕೆ ಟಿಸಿಎಂ ಸತ್ತಿದೆ ಎಂದಲ್ಲ

ಪ್ರಶ್ನೆ: ಸರ್, ನಮ್ಮದು ಮಂಡ್ಯ. 2019ರ ಪೆಟ್ರೋಲ್ ಎಎಂಟಿ (ಕ್ಲಚ್ ಪೆಡಲ್ ಇಲ್ಲದೆ ಗೇರ್ ತಾನೇ ಬದಲಾಗುವ) ಕಾರು, 78,000 ಕಿ.ಮೀ. ಓಡಿದೆ. ದಿನಾ ಕೆಲಸಕ್ಕೆ ಮೈಸೂರಿಗೆ ಹೋಗಿ ಬರುತ್ತೇನೆ. ಮಳೆ ಹಿಡಿದಾಗಿನಿಂದ ಬೆಳಿಗ್ಗೆ ಕೀ ತಿರುಗಿಸಿದರೆ ಮೀಟರಿನಲ್ಲಿ ಗೇರ್ ತೋರಿಸುವ ಜಾಗ ಖಾಲಿ, ಸೆಲ್ಫ್ ಹೊಡೆಯುವುದೇ ಇಲ್ಲ. ನಾಲ್ಕೈದು ಸಲ ಆನ್-ಆಫ್ ಮಾಡಿದರೆ, ಇಲ್ಲವೇ ಬಿಸಿಲೇರಿದ ಮೇಲೆ, ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ ಸ್ಟಾರ್ಟ್ ಆಗುತ್ತದೆ. ಒಂದು ಸಲ ಎಕ್ಸ್‌ಪ್ರೆಸ್ ವೇ ಪಕ್ಕದ ಸರ್ವೀಸ್ ರಸ್ತೆಯಲ್ಲಿ ಹಂಪ್ ಹತ್ತಿಳಿದಾಗ ಓಡುತ್ತಿದ್ದಾಗಲೇ ಗೇರ್ ಅಂಕಿ ಮಾಯವಾಗಿ ಚೆಕ್ ಲೈಟ್ ಬಂತು. ಗ್ಯಾರೇಜಿನವರು ಸ್ಕ್ಯಾನರ್ ಹಾಕಿ ಯು0101 ಎಂಬ ಕೋಡ್ ತೋರಿಸಿ, 'ಟಿಸಿಎಂ (ಗೇರ್‌ಬಾಕ್ಸ್ ನಡೆಸುವ ಕಂಪ್ಯೂಟರ್) ಹೋಗಿದೆ, ಹೊಸದು ತರಿಸಬೇಕು' ಅಂದರು. ಎರಡು ತಿಂಗಳ ಹಿಂದೆ ಆಂಡ್ರಾಯ್ಡ್ ಸ್ಟೀರಿಯೋ, ಜಿಪಿಎಸ್ ಟ್ರ್ಯಾಕರ್ ಹಾಕಿಸಿದ್ದೆ. ಎಂಜಿನ್ನಿಗೆ ವಾಟರ್ ವಾಶ್ ಕೂಡ ಮಾಡಿಸಿದ್ದೆ. ಗಾಡಿ ನಿಲ್ಲುವುದು ಶೆಡ್ಡಿನಲ್ಲಿ, ಹಿಂದೆಯೇ ಕಬ್ಬಿನ ಗದ್ದೆ. ಟಿಸಿಎಂ ನಿಜಕ್ಕೂ ಬದಲಿಸಲೇಬೇಕಾ? ಅದಕ್ಕೆ ಮುಂಚೆ ಏನೇನು ನೋಡಬಹುದು?

ಉತ್ತರ: ಸದ್ಯಕ್ಕೆ ಟಿಸಿಎಂ ಕೊಳ್ಳಬೇಡಿ. ಮಳೆ ಬಂದರೆ ಕೆಡುವುದು, ಬಿಸಿಲು ಬಂದರೆ ಸರಿಹೋಗುವುದು, ಹಂಪ್ ಹತ್ತಿಳಿದರೆ ಕೈಕೊಡುವುದು, ಈ ಮೂರೂ ನಿಮ್ಮ ಪತ್ರದಲ್ಲೇ ಇವೆ. ಪೆಟ್ಟಿಗೆಯೊಳಗಿನ ಬೋರ್ಡಿನಲ್ಲಿ ಬೆಸುಗೆ ಬಿಟ್ಟಿದ್ದರೂ ಹೀಗಾಗಬಹುದು ನಿಜ. ಆದರೆ ಹೆಚ್ಚಿನ ಪಾಲು ಇಂಥ ನಡವಳಿಕೆ ಕಪ್ಲರಿನದು (ವೈರುಗಳನ್ನು ಕೂಡಿಸುವ ಪ್ಲಗ್), ವೈರಿನದು, ಅರ್ತಿನದು. ಅವನ್ನು ಅಳೆಯದೆ ಟಿಸಿಎಂ ಬದಲಿಸಲು ಹೊರಡುವುದು, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ.

ಮೊದಲು ಆ ಕೋಡ್ ಏನು ಹೇಳುತ್ತಿದೆ ನೋಡಿ. ಯು0101 ಎಂದರೆ 'ಗೇರ್‌ಬಾಕ್ಸ್ ಕಂಟ್ರೋಲರಿನಿಂದ ಮಾತು ಬರುತ್ತಿಲ್ಲ' ಎಂದು. ಇದನ್ನು ಬರೆದಿಟ್ಟುಕೊಂಡದ್ದು ಟಿಸಿಎಂ ಅಲ್ಲ. ಎಂಜಿನ್ ಇಸಿಯು (ಎಂಜಿನ್ನಿನ ಕಂಪ್ಯೂಟರ್), ಬ್ರೇಕಿನ ಎಬಿಎಸ್, ಡ್ಯಾಶ್‌ಬೋರ್ಡಿನ ಮೀಟರ್ ಇವರಲ್ಲೊಬ್ಬರು ಬರೆದದ್ದು. ಬೀದಿಯ ಮೂಲೆಮನೆಯವರು ಬೆಳಿಗ್ಗೆಯಿಂದ ಬಾಗಿಲು ತೆಗೆದಿಲ್ಲ ಅಂತ ನೆರೆಯವರು ಕೊಟ್ಟ ದೂರು ಅಷ್ಟೇ ಅದು. ಒಳಗಿರುವವರು ಬದುಕಿದ್ದಾರೋ ಇಲ್ಲವೋ ಎಂಬುದು ದೂರಿನಲ್ಲಿ ಇರುವುದಿಲ್ಲ.

ಗಾಡಿಯ ಕಂಪ್ಯೂಟರುಗಳೆಲ್ಲ ಮಾತಾಡುವುದು ಒಂದಕ್ಕೊಂದು ಹೆಣೆದ ಎರಡು ತೆಳು ವೈರಿನ ಮೇಲೆ. ಬಾಷ್ ಕಂಪನಿ 1986ರಲ್ಲಿ ಹೊರತಂದ ಈ ವ್ಯವಸ್ಥೆಗೆ ಕ್ಯಾನ್ ಎಂದು ಹೆಸರು. ಒಂದು ವೈರ್ ಕ್ಯಾನ್-ಹೈ, ಇನ್ನೊಂದು ಕ್ಯಾನ್-ಲೋ. ಕಾರಿನ ಎಂಜಿನ್-ಗೇರ್‌ಬಾಕ್ಸ್ ಕಡೆಯ ಲೈನ್ ಸಾಮಾನ್ಯವಾಗಿ ಸೆಕೆಂಡಿಗೆ 5 ಲಕ್ಷ ಬಿಟ್ ವೇಗದ್ದು. ಟಿಸಿಎಂ ತನ್ನ ಗೇರ್, ಕ್ಲಚ್ ಸ್ಥಿತಿಯನ್ನು ಸೆಕೆಂಡಿಗೆ ಹತ್ತಾರು ಸಲ ಈ ಲೈನಿಗೆ ಹಾಕುತ್ತಲೇ ಇರಬೇಕು. ಅದು ಕೊಂಚ ಹೊತ್ತು ನಿಂತರೆ ಸಾಕು, ಕೇಳುತ್ತಿದ್ದವರು ಕೋಡ್ ಬರೆದುಬಿಡುತ್ತಾರೆ. ಎಎಂಟಿಯಲ್ಲಿ ಗೇರ್ ನ್ಯೂಟ್ರಲ್‌ನಲ್ಲಿದೆ ಎಂದು ಟಿಸಿಎಂ ಕಡೆಯಿಂದ ಖಾತ್ರಿಯಾದ ಮೇಲೇ ಸ್ಟಾರ್ಟರಿಗೆ ಅಪ್ಪಣೆ. ಟಿಸಿಎಂ ಮೌನವಾದರೆ ಅಪ್ಪಣೆ ಇಲ್ಲ, ಸೆಲ್ಫ್ ಇಲ್ಲ. ಗೇರ್ ಅಂಕಿ ಖಾಲಿ, ಸೆಲ್ಫ್ ಇಲ್ಲ ಎಂಬ ನಿಮ್ಮ ಎರಡು ತೊಂದರೆಗೂ ಬೇರು ಒಂದೇ.

ಟಿಸಿಎಂ ಮೌನವಾಗಲು ಕಾರಣ ಐದೇ. ಅದಕ್ಕೆ ಕರೆಂಟ್ ಬರುತ್ತಿಲ್ಲ. ಅರ್ತ್ ಸರಿಯಿಲ್ಲ. ಅದರ ಪಾಲಿನ ಎರಡು ಕ್ಯಾನ್ ವೈರಿನಲ್ಲಿ ಒಂದು ತುಂಡಾಗಿದೆ ಅಥವಾ ತಾಗಿಕೊಂಡಿದೆ. ಬೇರೆ ಯಾರೋ ಲೈನ್ ಕೆಡಿಸುತ್ತಿದ್ದಾರೆ. ಕೊನೆಗೆ, ಅದೇ ಸತ್ತಿದೆ. ಹುಡುಕುವುದೂ ಇದೇ ಸಾಲಿನಲ್ಲಿ. ಸಾವಿರ ರೂಪಾಯಿಯೊಳಗಿನ ಡಿಜಿಟಲ್ ಮಲ್ಟಿಮೀಟರ್, 21 ವ್ಯಾಟಿನ ಒಂದು ಇಂಡಿಕೇಟರ್ ಬಲ್ಬು, ನಿಮ್ಮ ಮಾಡೆಲಿನ ವೈರಿಂಗ್ ಚಿತ್ರ ಇದ್ದರೆ ಮುಕ್ಕಾಲು ಕೆಲಸ ಮುಗಿಯುತ್ತದೆ. ಚಿತ್ರವಿಲ್ಲದೆ ಮಾತ್ರ ಯಾವ ಕಪ್ಲರಿಗೂ ಕೈ ಹಾಕಬೇಡಿ. ವೈರಿನ ಬಣ್ಣ ನೋಡಿ ಊಹೆ ಮಾಡುವ ವಿಷಯ ಇದಲ್ಲ. ಹಳದಿ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದು, ಮೀಟರ್ ಅದರ ಹತ್ತಿರವೂ ಹೋಗಬಾರದು.

ಅಳಿಸುವ ಮುಂಚೆ ಓದಿ

ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದ ಕೂಡಲೇ ಕೋಡ್ ಅಳಿಸುವ ಚಾಳಿ ಇದೆ. ಅಳಿಸಿದರೆ ಸಾಕ್ಷಿ ಹೋಯಿತು. ಎಂಜಿನ್, ಗೇರ್‌ಬಾಕ್ಸ್, ಎಬಿಎಸ್, ಬಿಸಿಎಂ (ದೀಪ, ಬಾಗಿಲು ನೋಡಿಕೊಳ್ಳುವ ಕಂಪ್ಯೂಟರ್), ಮೀಟರ್, ಪವರ್ ಸ್ಟೀರಿಂಗ್, ಒಂದೊಂದರೊಳಗೂ ಹೋಗಿ ಇರುವ ಕೋಡನ್ನೆಲ್ಲ ಫೋನಿನಲ್ಲಿ ಫೋಟೋ ಹಿಡಿದಿಟ್ಟುಕೊಳ್ಳಿ. ಯಾವುದು ಈಗಿನದು, ಯಾವುದು ಹಳೆಯದು ಎಂಬುದೂ ಬೇಕು.

ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಎಲ್ಲರ ದೂರೂ ಯು0101 ಒಂದೇ ಆಗಿದ್ದು, ಟಿಸಿಎಂ ಬಿಟ್ಟು ಮಿಕ್ಕವರೆಲ್ಲ ಸ್ಕ್ಯಾನರಿಗೆ ಉತ್ತರ ಕೊಡುತ್ತಿದ್ದರೆ, ದೊಡ್ಡ ಲೈನ್ ಚೆನ್ನಾಗಿದೆ. ಟಿಸಿಎಂಗೆ ಹೋಗುವ ಕವಲಿನಲ್ಲೋ ಅದರ ಕರೆಂಟಿನಲ್ಲೋ ದೋಷ. ಯು0101 ಜೊತೆಗೆ ಯು0100, ಯು0121, ಯು0140 ಎಲ್ಲ ಸಾಲುಗಟ್ಟಿದ್ದರೆ, ಎಂದರೆ ಎಂಜಿನ್, ಎಬಿಎಸ್, ಬಿಸಿಎಂ ಯಾರ ಮಾತೂ ಯಾರಿಗೂ ಕೇಳುತ್ತಿಲ್ಲವೆಂದರೆ, ಟಿಸಿಎಂ ಹಿಂದೆ ಬೀಳಬೇಡಿ. ಲೈನೇ ಕೆಟ್ಟಿದೆ ಅಥವಾ ಬ್ಯಾಟರಿ ಕುಸಿದಿದೆ. ಪಿ0562 ಜೊತೆಗಿದ್ದರಂತೂ ವೋಲ್ಟೇಜ್ ಇಳಿದದ್ದಕ್ಕೆ ಲಿಖಿತ ಸಾಕ್ಷಿ. ಯು0402 ಇದ್ದರೆ ಟಿಸಿಎಂ ಮಾತಾಡುತ್ತಿದೆ, ಹೇಳುತ್ತಿರುವುದು ಒಪ್ಪುವಂತಿಲ್ಲ ಎಂದರ್ಥ. ಅದರ ದಾರಿಯೇ ಬೇರೆ. ಪಿ0700 ಕಂಡರೆ ಗಾಬರಿ ಬೇಡ. 'ನನ್ನ ಹತ್ತಿರ ಒಂದು ದೋಷವಿದೆ, ದೀಪ ಹಚ್ಚು' ಎಂದು ಟಿಸಿಎಂ ತಾನೇ ಎಂಜಿನ್ ಇಸಿಯುಗೆ ಹೇಳಿದ್ದು ಅದು. ಎಂದರೆ ಆ ಹೊತ್ತಿನಲ್ಲಿ ಅದು ಬದುಕಿತ್ತು.

ಇಲ್ಲಿ ಸ್ಕ್ಯಾನರಿನ ಬಗ್ಗೆ ಒಂದು ಮಾತು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಬ್ಲೂಟೂತ್ ಗುಂಡಿ ಮುಖ್ಯವಾಗಿ ಎಂಜಿನ್ ಇಸಿಯು ಜೊತೆ ಮಾತಾಡುವಂಥದು. ಒಬಿಡಿ (ಗಾಡಿಯ ದೋಷ ಓದುವ ವ್ಯವಸ್ಥೆ) ನಿಯಮದ ಪ್ರಕಾರ ಎಂಜಿನ್ನಿಗೆ ಪ್ರಶ್ನೆ ಹೋಗುವುದು 7ಇ0 ವಿಳಾಸಕ್ಕೆ, ಉತ್ತರ 7ಇ8ರಿಂದ. ಗೇರ್‌ಬಾಕ್ಸಿಗೆ ಸಾಮಾನ್ಯವಾಗಿ 7ಇ1, ಉತ್ತರ 7ಇ9ರಿಂದ. ಎಷ್ಟೋ ಕಂಪನಿಗಳು ಗೇರ್‌ಬಾಕ್ಸಿಗೆ ತಮ್ಮದೇ ವಿಳಾಸ ಇಟ್ಟುಕೊಂಡಿರುತ್ತವೆ. ಹಾಗಾಗಿ ಅಗ್ಗದ ಗುಂಡಿಗೆ ಟಿಸಿಎಂ ಸಿಗಲಿಲ್ಲ ಎಂಬುದು ಏನನ್ನೂ ಸಾಬೀತು ಮಾಡುವುದಿಲ್ಲ. ಗಾಡಿ ಚೆನ್ನಾಗಿರುವ ಮಧ್ಯಾಹ್ನ ಒಮ್ಮೆ ಅದೇ ಸ್ಕ್ಯಾನರ್ ಹಾಕಿ ಟಿಸಿಎಂ ಸಿಗುತ್ತದೆಯೇ ನೋಡಿಕೊಳ್ಳಿ. ಆಗ ಸಿಕ್ಕಿ ಬೆಳಿಗ್ಗೆ ಸಿಗದಿದ್ದರೆ ಮಾತ್ರ ಅದು ಲೆಕ್ಕಕ್ಕೆ ಬರುವ ಸುಳಿವು.

ಬ್ಯಾಟರಿಗೆ ಎರಡು ನಿಮಿಷ ಸಾಕು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.4 ವೋಲ್ಟಿಗೆ ಕಡಿಮೆ ಇರಬಾರದು, ತುಂಬಿದ್ದರೆ 12.6. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು. ಹಲವು ಎಎಂಟಿ ಗಾಡಿಗಳಲ್ಲಿ ಬಾಗಿಲು ತೆರೆದಾಗಲೋ ಕೀ ಹಾಕಿದಾಗಲೋ 'ಗುಂಯ್' ಅನ್ನುವ ಪಂಪಿನ ಸದ್ದು ಕೇಳಿರುತ್ತೀರಿ, ಕ್ಲಚ್-ಗೇರ್ ನಡೆಸುವ ಹೈಡ್ರಾಲಿಕ್ ಪಂಪ್ ಅದು. ಚೆನ್ನಾಗಿಯೇ ಕರೆಂಟ್ ಎಳೆಯುತ್ತದೆ. ಮುದಿ ಬ್ಯಾಟರಿಯಲ್ಲಿ ಆ ಎಳೆತಕ್ಕೇ ವೋಲ್ಟೇಜ್ ಕುಸಿದು ಟಿಸಿಎಂ ಮೂರ್ಛೆ ಹೋಗುವುದುಂಟು. ನಿಮ್ಮ ತೊಂದರೆ ಬಿಸಿಲಿಗೆ ಸರಿಹೋಗುತ್ತದೆ, ಹಂಪಿಗೂ ಬಂದಿದೆ. ಆದ್ದರಿಂದ ಬ್ಯಾಟರಿ ಒಂದೇ ಕಾರಣವಿರಲಾರದು. ಆದರೂ ಅಳೆದು ಬಿಡಿ. ಬ್ಯಾಟರಿ ಟರ್ಮಿನಲ್ ಕೈಯಲ್ಲಿ ತಿರುಗಿಸಿದರೆ ಅಲ್ಲಾಡುವಂತಿದ್ದರೆ ಉಳಿದದ್ದೆಲ್ಲ ಆಮೇಲೆ.

ಮೀಟರ್ ಸುಳ್ಳು ಹೇಳುವ ಜಾಗ

ಹೆಚ್ಚಿನವರು ಎಡವುವುದು ಇಲ್ಲಿ. ಟಿಸಿಎಂ ಕಪ್ಲರ್ ಬಿಚ್ಚಿ, ಪವರ್ ಪಿನ್ನಿಗೆ ಮೀಟರ್ ಹಿಡಿಯುತ್ತಾರೆ, 12.4 ತೋರಿಸುತ್ತದೆ. 'ಕರೆಂಟ್ ಬರ್ತಾ ಇದೆ, ಅರ್ತ್ ಇದೆ, ಟಿಸಿಎಂ ಹೋಗಿದೆ' ಎಂದು ಷರಾ ಬರೆದುಬಿಡುತ್ತಾರೆ. ಡಿಜಿಟಲ್ ಮೀಟರ್ ಒಳಗೆ ಸಾಮಾನ್ಯವಾಗಿ 1 ಕೋಟಿ ಓಮ್ ಇರುತ್ತದೆ. ಅದು ಎಳೆಯುವ ಕರೆಂಟ್ ಇಲ್ಲವೆಂಬಷ್ಟು ಕಡಿಮೆ. ಹತ್ತಾರು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ, ಪಿನ್ನಿನ ಮೇಲೆ ಹಸಿರು ಕಿಲುಬು ಕಟ್ಟಿದ್ದರೂ 12.4 ಬಂದೇ ಬರುತ್ತದೆ. ತೂತಿನ ಪೈಪಿನ ಕೊನೆಗೆ ಬೆರಳು ಒತ್ತಿ ಹಿಡಿದು ಒತ್ತಡ ಚೆನ್ನಾಗಿದೆ ಅಂದ ಹಾಗೆ. ನಲ್ಲಿ ಬಿಟ್ಟು ನೋಡಿದರೆ ತಾನೇ ಗೊತ್ತಾಗುವುದು?

ನಲ್ಲಿ ಬಿಡುವ ಕೆಲಸಕ್ಕೇ 21 ವ್ಯಾಟಿನ ಬಲ್ಬು. ಹೋಲ್ಡರ್ ಸಮೇತ ಎರಡು ವೈರ್ ಕಟ್ಟಿಕೊಳ್ಳಿ. ಅದು ಎಳೆಯುವುದು ಸುಮಾರು 1.75 ಆಂಪ್. ಇಗ್ನಿಷನ್ ಆಫ್ ಮಾಡಿ ಟಿಸಿಎಂ ಕಪ್ಲರ್ ಬಿಚ್ಚಿ. ಚಿತ್ರದಲ್ಲಿ ನೇರ ಬ್ಯಾಟರಿಯಿಂದ ಬರುವ ಪಿನ್ ಯಾವುದು, ಕೀ ಹಾಕಿದ ಮೇಲೆ ಬರುವ ಪಿನ್ ಯಾವುದು, ಅರ್ತ್ ಯಾವುವು ಎಂದು ಗುರುತು ಮಾಡಿಕೊಳ್ಳಿ. ಬಹುತೇಕ ಟಿಸಿಎಂಗಳಲ್ಲಿ ಅರ್ತ್ ಪಿನ್ ಒಂದಕ್ಕಿಂತ ಹೆಚ್ಚು ಇರುತ್ತವೆ, ಎಲ್ಲವನ್ನೂ ನೋಡಬೇಕು.

ಬಲ್ಬಿನ ಒಂದು ಕಾಲು ಪವರ್ ಪಿನ್ನಿಗೆ, ಇನ್ನೊಂದು ನೇರ ಬ್ಯಾಟರಿ ಮೈನಸ್ಸಿಗೆ. ಬಲ್ಬು ಬೆಳ್ಳಗೆ ಉರಿಯಬೇಕು. ಉರಿಯುತ್ತಿರುವಾಗಲೇ ಆ ಪಿನ್ನಿನಲ್ಲಿ ವೋಲ್ಟೇಜ್ ಅಳೆದು ಬ್ಯಾಟರಿಯ ವೋಲ್ಟೇಜಿನೊಡನೆ ಹೋಲಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಿದ್ದಿದ್ದರೆ ಫ್ಯೂಸಿನಿಂದ ಅಲ್ಲಿಯವರೆಗಿನ ದಾರಿಯಲ್ಲಿ ಎಲ್ಲೋ ಕಚ್ಚಿಕೊಂಡಿದೆ. ಕೀ ಆನ್ ಮಾಡಿ ಇನ್ನೊಂದು ಪವರ್ ಪಿನ್ನಿಗೂ ಹೀಗೇ. ಆಮೇಲೆ ಅರ್ತಿನ ಸರದಿ. ಬಲ್ಬಿನ ಒಂದು ಕಾಲು ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಅರ್ತ್ ಪಿನ್ನಿಗೆ. ಉರಿಯುವಾಗ ಆ ಪಿನ್ನಿಗೂ ಬ್ಯಾಟರಿ ಮೈನಸ್ಸಿಗೂ ನಡುವೆ 0.1 ವೋಲ್ಟಿನ ಆಸುಪಾಸು ಇರಬೇಕು. 0.3 ದಾಟಿದರೆ ಆ ಅರ್ತನ್ನು ನಂಬಬೇಡಿ. ಬಲ್ಬನ್ನು ಹಿಡಿಯುವುದು ಪವರ್ ಮತ್ತು ಅರ್ತ್ ಪಿನ್ನಿಗೆ ಮಾತ್ರ. ಸಿಗ್ನಲ್ ಪಿನ್ನಿಗೋ ಕ್ಯಾನ್ ಪಿನ್ನಿಗೋ ಅಪ್ಪಿತಪ್ಪಿ ತಾಗಿಸಿದರೆ ಚೆನ್ನಾಗಿದ್ದ ಇಸಿಯು ಕೂಡ ಹೋದೀತು. ಪ್ರೋಬನ್ನು ಹೆಣ್ಣು ಪಿನ್ನಿನ ಬಾಯಿಗೆ ತುರುಕಬೇಡಿ, ಬಾಯಿ ಅಗಲವಾಗಿ ಇನ್ನೊಂದು ಹೊಸ ದೋಷ ಹುಟ್ಟುತ್ತದೆ. ಹಿಂಬದಿಯಿಂದ ತೆಳು ಪಿನ್ ಇಳಿಸಿ, ಇಲ್ಲವೇ ಅದೇ ಅಳತೆಯ ಗಂಡು ಪಿನ್ನಿಗೆ ವೈರ್ ಕಟ್ಟಿ ಹಾಕಿ.

ಪವರಿನಲ್ಲಿ ದೋಷ ಸಿಕ್ಕಿದರೆ ಮೊದಲು ಫ್ಯೂಸ್ ಪೆಟ್ಟಿಗೆ. ಫ್ಯೂಸನ್ನು ಕಣ್ಣಿನಿಂದ ನೋಡಿ ಸರಿಯಿದೆ ಅನ್ನುವುದು ಸಾಲದು. ಪ್ಲಾಸ್ಟಿಕ್ಕಿನೊಳಗೆ ತಂತಿ ಚೆನ್ನಾಗಿದ್ದು, ಕೂರುವ ಕಾಲು ಸಡಿಲವಾಗಿರಬಹುದು. ನಿಮ್ಮ ವಿಷಯದಲ್ಲಿ ಜಿಪಿಎಸ್ ಹಾಕಿದವರ ಮೇಲೆ ಒಂದು ಕಣ್ಣಿರಲಿ. 'ಕೀ ಹಾಕಿದಾಗ ಬರುವ 12 ವೋಲ್ಟ್' ಹುಡುಕುತ್ತಾ ಸಿಕ್ಕ ಫ್ಯೂಸಿನ ಕಾಲಿಗೆ ವೈರ್ ಸುತ್ತಿ ಫ್ಯೂಸನ್ನು ಒತ್ತಿಬಿಡುವುದು ಈ ಕೆಲಸದಲ್ಲಿ ಮಾಮೂಲು. ಹಾಗೆ ಅಗಲವಾದ ಕ್ಲಿಪ್ ಮತ್ತೆ ಫ್ಯೂಸನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಹಂಪ್ ಬಂದರೆ ಕ್ಷಣಮಾತ್ರ ಬಿಡುತ್ತದೆ. ಟಿಸಿಎಂಗೆ ಆ ಕ್ಷಣವೇ ಸಾಕು.

ಅರ್ತಿನಲ್ಲಿ ದೋಷವಿದ್ದರೆ ಬ್ಯಾಟರಿ ಟ್ರೇ ಕೆಳಗೆ, ಗೇರ್‌ಬಾಕ್ಸ್ ಮೇಲೆ, ಚಾಸಿಸ್ ಬದಿಗೆ ಬೋಲ್ಟ್ ಹಾಕಿರುವ ಅರ್ತ್ ಕಣ್ಣುಗಳನ್ನು ಒಂದೊಂದಾಗಿ ಬಿಚ್ಚಿ. ಗಾಡಿಗೆ ಹಿಂದೆ ಯಾವಾಗಲಾದರೂ ಟಿಂಕರಿಂಗ್-ಪೇಂಟಿಂಗ್ ಆಗಿದ್ದರೆ ಬೋಲ್ಟಿನ ಕೆಳಗೇ ಪೇಂಟ್ ಕೂತಿರುತ್ತದೆ. ಪೇಂಟ್ ಮತ್ತು ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ಕೆರೆದು, ಬಿಗಿ ಮಾಡಿ, ಆಮೇಲೆ ಮೇಲಿನಿಂದ ಗ್ರೀಸ್ ಸವರಿ.

ಎರಡು ವೈರಿನ ಲೆಕ್ಕ

ಪವರ್-ಅರ್ತ್ ಚೊಕ್ಕವಾಗಿದ್ದರೆ ಕ್ಯಾನ್ ಲೈನಿಗೆ ಬನ್ನಿ. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಒಬಿಡಿ ಸಾಕೆಟ್ಟಿನಲ್ಲಿ 6ನೇ ಪಿನ್ ಕ್ಯಾನ್-ಹೈ, 14 ಕ್ಯಾನ್-ಲೋ, 4 ಮತ್ತು 5 ಅರ್ತ್, 16 ಬ್ಯಾಟರಿ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ ಐದು ಹತ್ತು ನಿಮಿಷ ಬಿಡಿ. ಕರೆಂಟ್ ಇರುವ ಲೈನಿನಲ್ಲಿ ಓಮ್ ಅಳೆದರೆ ಬರುವ ಅಂಕಿಗೆ ಬೆಲೆಯಿಲ್ಲ. ಆಮೇಲೆ 6 ಮತ್ತು 14ರ ನಡುವೆ ಓಮ್ ಅಳೆಯಿರಿ.

ಲೈನಿನ ಎರಡು ತುದಿಯಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ. ಎರಡೂ ಅಕ್ಕಪಕ್ಕ ಸೇರಿದಂತೆ ಆಗಿ ಮೀಟರಿಗೆ 60 ಕಾಣಬೇಕು. 58ರಿಂದ 63ರವರೆಗೆ ಬಂದರೆ ತಕರಾರಿಲ್ಲ. 120 ಬಂದರೆ ಒಂದು ತುದಿ ಕಳಚಿದೆ. ಸೊನ್ನೆಯ ಹತ್ತಿರವಿದ್ದರೆ ಎರಡು ವೈರ್ ಒಂದಕ್ಕೊಂದು ತಾಗಿವೆ. 40 ಬಂದರೆ ಮೂರನೇ 120 ಓಮ್ ಯಾರೋ ತಂದು ಸೇರಿಸಿದ್ದಾರೆ. ಹೊಸದಾಗಿ ಹಾಕಿಸಿದ ಸ್ಟೀರಿಯೋದ ಕ್ಯಾನ್ ಬಾಕ್ಸ್ ಮೇಲೆ ಮೊದಲ ಅನುಮಾನ. ಹೊಸ ಗಾಡಿಗಳಲ್ಲಿ ನಡುವೆ ಗೇಟ್‌ವೇ ಎಂಬ ಪೆಟ್ಟಿಗೆ ಇರಬಹುದು. ಆಗ ಸಾಕೆಟ್ಟಿನಲ್ಲಿ ಸಿಗುವುದು ಗೇಟ್‌ವೇವರೆಗಿನ ಲೆಕ್ಕ ಮಾತ್ರ, ಗೇರ್‌ಬಾಕ್ಸ್ ಕಡೆಯ ಲೈನನ್ನು ಬೇರೆ ಕಡೆಯಿಂದ ಅಳೆಯಬೇಕು.

ಈಗ ಬಿಚ್ಚಿಟ್ಟ ಟಿಸಿಎಂ ಕಪ್ಲರಿಗೆ ಬಂದು ಅಲ್ಲಿನ ಎರಡು ಕ್ಯಾನ್ ಪಿನ್ ನಡುವೆ ಅಳೆಯಿರಿ. ಸಾಮಾನ್ಯವಾಗಿ ಒಂದು ರೆಸಿಸ್ಟರ್ ಎಂಜಿನ್ ಇಸಿಯುವಿನಲ್ಲಿ, ಇನ್ನೊಂದು ಡ್ಯಾಶ್‌ಬೋರ್ಡಿನ ಮೀಟರಿನಲ್ಲೋ ಬಿಸಿಎಂನಲ್ಲೋ ಇರುತ್ತದೆ. ನಿಮ್ಮದು ಹಾಗಿದ್ದರೆ ಇಲ್ಲೂ 60 ಕಾಣಬೇಕು. ಕೆಲವು ಗಾಡಿಯಲ್ಲಿ ರೆಸಿಸ್ಟರ್ ಟಿಸಿಎಂ ಒಳಗೇ ಇರುವುದರಿಂದ ಅದನ್ನು ಬಿಚ್ಚಿದಾಗ 120 ಕಾಣುವುದೇ ಸರಿ. ಸಾಕೆಟ್ಟಿನಲ್ಲಿ 60 ಇದ್ದೂ ಇಲ್ಲಿ ಮೀಟರ್ ಏನೂ ತೋರಿಸದಿದ್ದರೆ, ಕವಲು ತುಂಡಾಗಿದೆ. ಯಾವ ವೈರ್ ಎಂದು ತಿಳಿಯಲು ಈ ಕಪ್ಲರಿನಿಂದ ಸಾಕೆಟ್ಟಿನ 6ಕ್ಕೂ 14ಕ್ಕೂ ಬೇರೆಬೇರೆಯಾಗಿ ಅಳೆಯಿರಿ. ಗೇಟ್‌ವೇ ಇಲ್ಲದ ಗಾಡಿಯಲ್ಲಿ ಎರಡೂ 1 ಓಮಿನ ಸುತ್ತಮುತ್ತ ಇರಬೇಕು. ಅಳೆಯುತ್ತಿರುವಾಗಲೇ ಹಾರ್ನೆಸನ್ನು (ವೈರುಗಳ ಕಟ್ಟನ್ನು) ಗೇಣುಗೇಣು ಅಲ್ಲಾಡಿಸುತ್ತ ಬನ್ನಿ. ಅಂಕಿ ಎಲ್ಲಿ ಎಗರುತ್ತದೋ ಅಲ್ಲಿಗೆ ಟೇಪ್ ಸುತ್ತಿ ಗುರುತು ಹಾಕಿ.

ವೋಲ್ಟೇಜ್ ಪರೀಕ್ಷೆಗೆ ಬ್ಯಾಟರಿಯ ಮೈನಸ್ ಮತ್ತೆ ಕೂರಿಸಿ, ಕೀ ಆನ್ ಮಾಡಿ. ಅರ್ತಿಗೂ ಕ್ಯಾನ್-ಹೈಗೂ ನಡುವೆ ಮೀಟರಿಗೆ 2.6-2.7 ಕಾಣುತ್ತದೆ, ಕ್ಯಾನ್-ಲೋ 2.3-2.4. ಎರಡೂ ಕೂಡಿದರೆ 5ರ ಹತ್ತಿರ. ಮಾತು ನಡೆಯುವಾಗ ಒಂದು 3.5ಕ್ಕೆ ಏರಿ ಇನ್ನೊಂದು 1.5ಕ್ಕೆ ಇಳಿಯುತ್ತಿರುತ್ತದೆ, ಮೀಟರಿಗೆ ಅದರ ಸರಾಸರಿ ಮಾತ್ರ ಸಿಗುತ್ತದೆ. ಒಂದು ವೈರ್ ಸೊನ್ನೆಗೆ ಅಂಟಿದ್ದರೆ ಗಾಡಿಯ ಬಾಡಿಗೆ ತಾಗಿದೆ, 12ರ ಹತ್ತಿರ ಹೋಗಿದ್ದರೆ ಪವರ್ ವೈರಿಗೆ ತಾಗಿದೆ. ಲೈನ್ ಪೂರ್ತಿ ಕೆಟ್ಟ ಗಾಡಿಯಲ್ಲಿ ಒಂದೊಂದೇ ಮಾಡ್ಯೂಲ್ (ಕಂಪ್ಯೂಟರ್ ಪೆಟ್ಟಿಗೆ) ಬಿಚ್ಚುತ್ತ ಹೋಗಿ, ಯಾವುದನ್ನು ಬಿಚ್ಚಿದಾಗ ಅಂಕಿ ಸರಿಹೋಯಿತೋ ಅದೇ ಕಳ್ಳ. ಒಂದು ಬಿಟ್ ಇರುವುದು ಸೆಕೆಂಡಿನ 5 ಲಕ್ಷದಲ್ಲೊಂದು ಪಾಲು ಹೊತ್ತು. ಅಲೆಯ ಆಕಾರ ನೋಡಬೇಕಾದರೆ ಎರಡು ಚಾನೆಲಿನ ಆಸಿಲೋಸ್ಕೋಪೇ ಬೇಕು. ನಿಮ್ಮ ಹಂತದಲ್ಲಿ ಅದರ ಅಗತ್ಯ ಬೀಳಲಾರದು.

ನೀರು, ಇಲಿ, ಸ್ಟೀರಿಯೋ

ನಿಮ್ಮ ಪತ್ರದಲ್ಲಿರುವ ಮೂವರು ಆರೋಪಿಗಳು ಇವರು. ಮೊದಲ ಅನುಮಾನ ವಾಟರ್ ವಾಶ್ ಮೇಲೆ. ಒತ್ತಡದ ನೀರನ್ನು ಕಪ್ಲರಿನ ಹಿಂಬದಿಗೆ ನೇರ ಹೊಡೆದರೆ ರಬ್ಬರ್ ಸೀಲಿನ ಸಂದಿಯಿಂದ ಒಳಗೆ ನುಗ್ಗುತ್ತದೆ. ನುಗ್ಗಿದ್ದು ಅದೇ ಸೀಲಿನ ದೆಸೆಯಿಂದ ಹೊರಗೆ ಬರುವುದಿಲ್ಲ. ವಾರಗಟ್ಟಲೆ ಒಳಗೇ ಇದ್ದು ಪಿನ್ನಿಗೆ ಹಸಿರು ಹಿಡಿಸುತ್ತದೆ. ರಾತ್ರಿಯ ಥಂಡಿಗೆ ಆವಿ ಹನಿಯಾಗಿ ಪಿನ್ನಿನ ನಡುವೆ ಕೂರುತ್ತದೆ, ಬಿಸಿಲಿಗೋ ಎಂಜಿನ್ ಕಾವಿಗೋ ಮತ್ತೆ ಆರುತ್ತದೆ. ಬೆಳಿಗ್ಗೆ ಕೆಟ್ಟು ಮಧ್ಯಾಹ್ನ ಸರಿಹೋಗುವ ಗುಟ್ಟು ಇದೇ ಇರಬೇಕು.

ಟಿಸಿಎಂ ಕಪ್ಲರ್ ಬಿಚ್ಚಿ ಟಾರ್ಚ್ ಹಿಡಿದು ಎರಡೂ ಬದಿ ನೋಡಿ. ತೇವ, ಹಸಿರು ಪುಡಿ, ಒಂದು ಪಿನ್ ಮಾತ್ರ ಕಪ್ಪಾಗಿರುವುದು, ಒಂದು ಪಿನ್ ಹಿಂದಕ್ಕೆ ಜಾರಿರುವುದು, ಇವು ಕಾಣಬೇಕಾದವು. ಹಸಿರಿಲ್ಲದೆ ಬರೀ ಕಪ್ಪು ಮಸಿಯಂಥ ಪುಡಿ ಇದ್ದರೆ ಅದು ನೀರಿನ ಕೆಲಸವಲ್ಲ. ಎಂಜಿನ್ನಿನ ನಡುಕಕ್ಕೆ ಪಿನ್ನುಗಳು ಕೂದಲೆಳೆಯಷ್ಟು ಉಜ್ಜಿ ಉಜ್ಜಿ ತವರದ ಲೇಪ ಸವೆದದ್ದು. ಒಂದೊಂದು ಹೆಣ್ಣು ಪಿನ್ನಿಗೂ ಅದೇ ಅಳತೆಯ ಗಂಡು ಪಿನ್ ಹಾಕಿ ಎಳೆಯಿರಿ. ಬೆರಳಿಗೆ ಸಣ್ಣ ಹಿಡಿತ ಸಿಗಬೇಕು. ಹಿಡಿತವೇ ಇಲ್ಲದೆ ಜಾರಿಬಂದರೆ ಆ ಪಿನ್ ಬದಲಿಸಬೇಕು. ಸೂಜಿಯಿಂದ ಮೀಟಿ ಬಿಗಿ ಮಾಡಿದ್ದು ಹೆಚ್ಚು ದಿನ ಬಾಳುವುದಿಲ್ಲ.

ತೊಳೆಯಲು ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಪೆಟ್ರೋಲ್ ಬೇಡ, ರಬ್ಬರ್ ಸೀಲ್ ಉಬ್ಬುತ್ತದೆ, ಬೆಂಕಿಯ ಭಯ ಬೇರೆ. ಮರಳುಕಾಗದ ಬೇಡವೇ ಬೇಡ, ಉಳಿದ ಲೇಪವೂ ಹೋಗುತ್ತದೆ. ತೊಳೆದ ಮೇಲೆ ಹೇರ್ ಡ್ರೈಯರಿನ ಹದ ಬಿಸಿಗಾಳಿಯಲ್ಲಿ ಪೂರ್ತಿ ಒಣಗಿಸಿ. ಡೈಎಲೆಕ್ಟ್ರಿಕ್ ಗ್ರೀಸನ್ನು ಸೀಲಿನ ಅಂಚಿಗೆ ತೆಳ್ಳಗೆ ಸವರಿ, ಪಿನ್ನಿನ ಬಾಯಿಗೆ ತುಂಬಬೇಡಿ. ಕಪ್ಲರ್ ಕೂರುವಾಗ ಲಾಕ್ 'ಟಕ್' ಅನ್ನಬೇಕು. ಹಾರ್ನೆಸ್ ಮೇಲಿನಿಂದ ನೇರ ಕಪ್ಲರಿಗೆ ಇಳಿಯುತ್ತಿದ್ದರೆ ನೀರು ವೈರ್ ಹಿಡಿದು ಒಳಗಿಳಿಯುತ್ತದೆ. ಕಪ್ಲರಿಗಿಂತ ಕೆಳಗೆ ಒಂದು ಬಳುಕು ಬಂದು ಮೇಲೇರುವಂತೆ ಕ್ಲಿಪ್ ಮಾಡಿ, ಹನಿ ಅಲ್ಲೇ ತೊಟ್ಟಿಕ್ಕಿ ಹೋಗಲಿ.

ಎರಡನೆಯದು ಇಲಿ. ಕಬ್ಬು ಕಡಿಯುವಾಗ ಗದ್ದೆಯೊಳಗಿದ್ದ ಇಲಿ-ಹೆಗ್ಗಣವೆಲ್ಲ ಹತ್ತಿರದ ಶೆಡ್ಡು, ಕೊಟ್ಟಿಗೆ ಸೇರುತ್ತವೆ, ಬೆಚ್ಚಗಿರುವ ಬಾನೆಟ್ ಅವಕ್ಕೆ ಅರಮನೆ. ಅವು ಪೂರ್ತಿ ಕಡಿದ ವೈರ್ ಕಣ್ಣಿಗೆ ಬೀಳುತ್ತದೆ. ಕಾಡುವುದು ಇನ್ಸುಲೇಷನ್ ಮಾತ್ರ ಸುಲಿದು ಬಿಟ್ಟದ್ದು. ಒಣಗಿದಾಗ ತೊಂದರೆಯಿಲ್ಲ, ಒದ್ದೆಯಾದಾಗ ಗಾಡಿಯ ಬಾಡಿಗೆ ಕರೆಂಟ್ ಲೀಕ್. ಬ್ಯಾಟರಿ ಟ್ರೇ ತೆಗೆದು ಅದರ ಕೆಳಗೆ, ಗೇರ್‌ಬಾಕ್ಸ್ ನೆತ್ತಿಯ ಮೇಲೆ, ಫೈರ್‌ವಾಲಿನ ರಬ್ಬರ್ ತೂತಿನ ಹತ್ತಿರ, ಡ್ಯಾಶ್‌ಬೋರ್ಡ್ ಕೆಳಗೆ ಎಸಿ ಫಿಲ್ಟರ್ ಪಕ್ಕ ನೋಡಿ. ಹಿಕ್ಕೆ, ಕಬ್ಬಿನ ಸಿಪ್ಪೆ, ಚಿಂದಿ ಕಂಡಲ್ಲೆಲ್ಲ ಹಾರ್ನೆಸ್ ಟೇಪ್ ಬಿಚ್ಚಿ ವೈರ್ ಸವರಿ ನೋಡಿ.

ಕ್ಯಾನ್ ವೈರ್ ಜೋಡಿಸುವುದನ್ನು ಹಾರ್ನ್ ವೈರ್ ಜೋಡಿಸಿದಂತೆ ಮಾಡಬೇಡಿ. ಆ ಎರಡು ವೈರ್ ಹೆಣೆದಿರುವುದು ಅಂದಕ್ಕಲ್ಲ. ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬಿದ್ದು ಕಳೆದುಹೋಗಲೆಂದು. ಹೆಣಿಗೆ ಬಿಚ್ಚಿದ ಭಾಗ ಎರಡು ಇಂಚಿಗಿಂತ ಹೆಚ್ಚಾಗದಿರಲಿ. ಎರಡು ಜೋಡಣೆಯೂ ಒಂದೇ ಜಾಗದಲ್ಲಿ ಬರಬಾರದು, ಒಂದು ಇಲ್ಲಿದ್ದರೆ ಇನ್ನೊಂದು ಮೂರು ಬೆರಳು ಆಚೆ. ಅದೇ ದಪ್ಪದ ವೈರ್ ತೆಗೆದುಕೊಂಡು, ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ಹಾಕಿ, ಮತ್ತೆ ಮೊದಲಿದ್ದಂತೆ ಹೆಣೆಯಿರಿ. ಬರೀ ತಿರುಚಿ ಕಪ್ಪು ಟೇಪ್ ಸುತ್ತಿದರೆ ಮುಂದಿನ ಮಳೆಗಾಲದಲ್ಲಿ ಮತ್ತೆ ಇದೇ ಪ್ರಶ್ನೆ ಕೇಳುತ್ತೀರಿ.

ಸ್ಟೀರಿಯೋ ಮತ್ತು ಜಿಪಿಎಸ್ ಪರೀಕ್ಷೆ ಎಲ್ಲಕ್ಕಿಂತ ಸುಲಭ. ಎರಡರ ಕಪ್ಲರನ್ನೂ ಪೂರ್ತಿ ಬಿಚ್ಚಿ ನಾಲ್ಕು ದಿನ ಓಡಿಸಿ. ಸ್ಟೀರಿಂಗ್ ಗುಂಡಿ ಕೆಲಸ ಮಾಡಲೆಂದು ಕ್ಯಾನ್ ವೈರಿಗೆ ಕತ್ತರಿ ಕ್ಲಿಪ್ ಚುಚ್ಚಿದ್ದರೆ, ಸ್ಟೀರಿಯೋ ಆಫ್ ಇದ್ದರೂ ಅದು ಲೈನಿಗೆ ಅಂಟಿಯೇ ಇರುತ್ತದೆ. ಆಫ್ ಮಾಡಿ ನೋಡಿದೆ ಅನ್ನುವುದು ಪರೀಕ್ಷೆಯಾಗುವುದಿಲ್ಲ, ಬಿಚ್ಚಬೇಕು.

ಇಷ್ಟಾದ ಮೇಲೂ ದೋಷ ಬಾರದೆ ಕಣ್ಣಾಮುಚ್ಚಾಲೆ ಆಡಿದರೆ ನೀವೇ ಅದನ್ನು ಕರೆಯಬೇಕು. ಕೀ ಆನ್, ಸ್ಕ್ಯಾನರಿನಲ್ಲಿ ಟಿಸಿಎಂ ಲೈವ್ ಡೇಟಾ. ಗಿಡಕ್ಕೆ ನೀರು ಸಿಂಪಡಿಸುವ ಸ್ಪ್ರೇ ಬಾಟಲಿಯಿಂದ ಒಂದೊಂದೇ ಕಪ್ಲರಿನ ಮೇಲೆ ತುಂತುರು ಹಾಕಿ ಐದು ನಿಮಿಷ ಕಾಯಿರಿ. ಒಂದು ಮುಗಿದ ಮೇಲೇ ಮುಂದಿನದು. ಎಲ್ಲಕ್ಕೂ ಒಟ್ಟಿಗೆ ಹೊಡೆದರೆ ಯಾವುದು ಎಂದು ಎಂದಿಗೂ ತಿಳಿಯುವುದಿಲ್ಲ.

ಟಿಸಿಎಂ ನಿಜಕ್ಕೂ ಹೋಗಿದ್ದರೆ

ತೀರ್ಮಾನಕ್ಕೆ ಒಂದೇ ಷರತ್ತು: ಗೇರ್ ಅಂಕಿ ಮಾಯವಾಗಿರುವ ಆ ಹೊತ್ತಿನಲ್ಲೇ ಪವರ್, ಅರ್ತ್ ಬಲ್ಬನ್ನು ಹೊತ್ತಿಸಬೇಕು, ಕಪ್ಲರಿನವರೆಗೆ ಕ್ಯಾನ್ ವೋಲ್ಟೇಜ್ ಸರಿಯಿರಬೇಕು, ಆದರೂ ಟಿಸಿಎಂ ಬಾಯಿ ಬಿಡಬಾರದು. ಮಧ್ಯಾಹ್ನ ಚೆನ್ನಾಗಿರುವಾಗ ಅಳೆದ ಅಂಕಿ ಇದಕ್ಕೆ ಸಾಕ್ಷಿಯಲ್ಲ. ಹಾಗಾಗಿ ಮಳೆ ಬಿದ್ದ ರಾತ್ರಿ ಗಾಡಿಯನ್ನು ಗ್ಯಾರೇಜಿನಲ್ಲೇ ಬಿಡಿ, ಬೆಳಿಗ್ಗೆ ಕೀ ತಿರುಗಿಸುವ ಮುಂಚೆಯೇ ಮೀಟರ್ ಕಟ್ಟಿರಲಿ. ಮೈಸೂರಿನಲ್ಲಾಗಲಿ ಮಂಡ್ಯದಲ್ಲಾಗಲಿ ಟಿಸಿಎಂ ಬದಲಿಸಿ ಎಂದವರನ್ನು 'ಕೆಟ್ಟಿದ್ದಾಗ ಪವರ್, ಅರ್ತ್ ಲೋಡ್ ಹಾಕಿ ಅಳೆದಿರಾ, ಎಷ್ಟು ಬಂತು' ಎಂದು ಕೇಳಿ. ಅಂಕಿ ಹೇಳಿದರೆ ನಂಬಬಹುದು.

ಹೊಸದು ಹಾಕಿದರೆ ಕಪ್ಲರ್ ಸಿಕ್ಕಿಸಿದ ಮಾತ್ರಕ್ಕೆ ಮುಗಿಯುವುದಿಲ್ಲ. ಗಾಡಿಗೆ ತಕ್ಕ ಸಾಫ್ಟ್‌ವೇರ್ ಮತ್ತು ಕೋಡಿಂಗ್ ಬೇಕು, ಎಎಂಟಿಯಲ್ಲಿ ಕ್ಲಚ್ ಕಚ್ಚುವ ಜಾಗ, ಗೇರ್ ಸ್ಥಾನಗಳನ್ನು ಸ್ಕ್ಯಾನರಿನಿಂದ ಕಲಿಸಬೇಕು. ಆ ಹೊತ್ತಿನಲ್ಲಿ ಬ್ಯಾಟರಿಗೆ ಚಾರ್ಜರ್ ಕಟ್ಟಿ ವೋಲ್ಟೇಜ್ 13ರ ಮೇಲೆ ನಿಲ್ಲಿಸದಿದ್ದರೆ, ನಡುವೆ ಕುಸಿದು ಹೊಸ ಪೆಟ್ಟಿಗೆಯೇ ಕೆಟ್ಟು ಕೂರಬಹುದು. ಗುಜರಿಯಿಂದ ತಂದ ಟಿಸಿಎಂ ಪಾರ್ಟ್ ನಂಬರ್ ಹೊಂದಿದರೂ ಎಷ್ಟೋ ಗಾಡಿಗಳು ಒಪ್ಪುವುದಿಲ್ಲ. ಡಿಸಿಟಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಗಾಡಿಗಳಲ್ಲಿ ಟಿಸಿಎಂ ಎಷ್ಟೋ ಸಲ ಗೇರ್‌ಬಾಕ್ಸಿನ ಮೆಕಾಟ್ರಾನಿಕ್ (ಗೇರ್ ನಡೆಸುವ ಘಟಕ) ಜೊತೆಗೇ ಬೆಸೆದಿರುತ್ತದೆ. ಅಲ್ಲಿ ತಪ್ಪು ತೀರ್ಮಾನದ ಬೆಲೆ ಇನ್ನೂ ಜಾಸ್ತಿ, ಮೂಗಿಗಿಂತ ಮೂಗುತಿ ಭಾರ.

ಸರಿಯಾಗುವವರೆಗೆ ಎಕ್ಸ್‌ಪ್ರೆಸ್ ವೇ ಹತ್ತಬೇಡಿ. ಓಡುವಾಗ ಟಿಸಿಎಂ ಮೌನವಾದರೆ ಎಎಂಟಿ ಇದ್ದ ಗೇರಿನಲ್ಲೇ ಸಿಕ್ಕಿಕೊಳ್ಳಬಹುದು, ನಿಲ್ಲಿಸಿದ ಮೇಲೆ ನ್ಯೂಟ್ರಲ್ಲಿಗೆ ಬರದೇ ಇರಬಹುದು. ಹಳೇ ಹೆದ್ದಾರಿಯಲ್ಲೋ ಸರ್ವೀಸ್ ರಸ್ತೆಯಲ್ಲೋ ಬನ್ನಿ. ನಡುದಾರಿಯಲ್ಲಿ ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ. ಗೇರ್ ಸಿಕ್ಕಿಕೊಂಡಿದ್ದರೆ ಮುಂದಿನ ಚಕ್ರ ಉರುಳುವುದಿಲ್ಲ, ಫ್ಲಾಟ್‌ಬೆಡ್ ಗಾಡಿಯನ್ನೇ ಕರೆಸಿ.

ರಿಪೇರಿ ಆಯಿತು ಎಂದ ದಿನ ಎಲ್ಲ ಮಾಡ್ಯೂಲಿನ ಕೋಡ್ ಅಳಿಸಿ, ಅದೇ ಸ್ಪ್ರೇ ಬಾಟಲಿಯಿಂದ ಅದೇ ಕಪ್ಲರಿನ ಮೇಲೆ ನೀರು ಹಾಕಿಸಿ, ಅಲ್ಲೇ ಸೆಲ್ಫ್ ಹೊಡೆಸಿ. ಆಮೇಲೆ ಆ ಹಂಪನ್ನೇ ನಾಲ್ಕು ಸಲ ಹತ್ತಿಳಿಸಿ, ಗ್ಯಾರೇಜಿಗೆ ವಾಪಸ್ ಬಂದು ಎಂಜಿನ್ ಮತ್ತು ಎಬಿಎಸ್ ಎರಡರಲ್ಲೂ ಯು0101 ಮತ್ತೆ ಕೂತಿದೆಯೇ ನೋಡಿಸಿ, ದುಡ್ಡು ಆಮೇಲೆ ಕೊಡಿ.